ಕಾಯಿಲ್ ಅಕ್ಕನ ಐದು ಗಂಟೆ

ಆ ದಿನ ಗಡಿಯಾರ ಹಿಡಿದು ಕೂತವನು ನಾನು. ಪುನರ್ವಸತಿ ಕಚೇರಿಯ ಗುಮಾಸ್ತ. ದೃಷ್ಟಿ ಕಳೆದುಕೊಂಡವರಿಗೆ ಕೆಲಸ ಕಲಿಸಿ ಮತ್ತೆ ದುಡಿಯುವ ಹಾಗೆ ಮಾಡುವುದು ನಮ್ಮ ಕಚೇರಿಯ ಉದ್ದೇಶ ಅಂತ ಬಾಗಿಲ ಮೇಲಿನ ಫಲಕ ಹೇಳುತ್ತಿತ್ತು. ಒಳಗೆ ನಾನು ಹನ್ನೊಂದು ವರ್ಷ ಅರ್ಜಿ ತುಂಬಿದೆ. 'ಬಯಸುವ ತರಬೇತಿ' ಅನ್ನುವ ಕಾಲಮ್ಮಿನಲ್ಲಿ ಬರೆಯಬಹುದಾದದ್ದು ಮೂರೇ: ಮೇಣದಬತ್ತಿ, ಕುರ್ಚಿ ಹೆಣಿಗೆ, ಫೋನ್ ಎತ್ತುವ ಕೆಲಸ. ಬಂದವರು ಬಡಗಿಯಾಗಿರಲಿ, ದರ್ಜಿಯಾಗಿರಲಿ, ಈ ಮೂರರಲ್ಲಿ ಒಂದಕ್ಕೆ ಹಾಕಿ ಕಳಿಸುತ್ತಿದ್ದೆ. ಯಾರೂ ಬೇಸರ ಮಾಡಿಕೊಂಡ ಹಾಗೆ ಕಾಣಲಿಲ್ಲ. ಬೇಸರ ಮಾಡಿಕೊಂಡವರು ಎರಡನೇ ಸಲ ಬರುತ್ತಲೇ ಇರಲಿಲ್ಲ ಅನ್ನುವುದು ನನ್ನ ತಲೆಗೆ ಹೊಳೆದದ್ದು ಬಹಳ ತಡವಾಗಿ.

ಅಕ್ಕ ಬಂದದ್ದು ರೈಲು ಹಳಿಯ ಆಚೆಯಿಂದ. ಹಳಿಯಾಚೆ ಅಂದರೆ ತಗಡಿನ ಮಾಡಿನ ಮನೆಗಳು, ಸಣ್ಣ ಸಣ್ಣ ಕಾರ್ಖಾನೆಗಳು, ಎರಡು ಬಸ್ಸು ಬದಲಾಯಿಸಿ ಬರಬೇಕಾದ ದೂರ. ಆಕೆ ಹದಿನಾರು ವರ್ಷ ಅಲ್ಲಿನ ಮೋಟಾರ್ ವೈಂಡಿಂಗ್ ಅಂಗಡಿಯಲ್ಲಿ ದುಡಿದವಳು. ಸುಟ್ಟುಹೋದ ಪಂಪಿನ ಮೋಟಾರಿನೊಳಗಿಂದ ಹಳೆಯ ತಾಮ್ರದ ತಂತಿ ಕಿತ್ತು ಹೊಸ ತಂತಿ ಸುತ್ತಿ ಕೂರಿಸುವ ಕೆಲಸ. ಸುತ್ತಿದ ತಂತಿಯ ಸುರುಳಿಗೆ ಕಾಯಿಲ್ ಅನ್ನುತ್ತಾರೆ, ಅದರಿಂದಲೇ ಎಲ್ಲರ ಬಾಯಲ್ಲೂ ಅವಳು ಕಾಯಿಲ್ ಅಕ್ಕ. ಕಣ್ಣು ಹೋದ ಮೇಲೆ ಬೀದಿಯ ಕೆಲವು ಕುಚೋದ್ಯದವರು ಅದನ್ನೇ ಎಳೆದು 'ಕಾಯಿಲೆ ಅಕ್ಕ' ಮಾಡಿದರು. ಅದನ್ನು ನನಗೆ ಹೇಳಿದವಳೂ ಅವಳೇ. "ಜನ ಸೋಮಾರಿಗಳು ಅಣ್ಣ, ಹೊಸ ಹೆಸರು ಹುಡುಕೋಕೂ ಕಷ್ಟ. ಇದ್ದದ್ದಕ್ಕೇ ಒಂದು ಬಾಲ ಅಂಟಿಸಿದ್ದಾರೆ" ಅಂತ.

ಕಣ್ಣಿನೊಳಗಿನ ಒತ್ತಡ ಏರಿ ದೃಷ್ಟಿ ಸವೆದು ಹೋಗುವ ಕಾಯಿಲೆ ಅದು. ಅಂಚಿನಿಂದ ಶುರುವಾಗಿ ಒಳಕ್ಕೆ ಮುಚ್ಚಿಕೊಂಡು ಬಂತಂತೆ, ಯಾರೋ ಪರದೆ ಎಳೆದ ಹಾಗೆ. ಒಂದು ವರ್ಷ ಅವಳು ಯಾರಿಗೂ ಹೇಳಲಿಲ್ಲ. ಬೆರಳಲ್ಲೇ ಎಣಿಸಿ ಸುತ್ತಿದಳು, ಬೆರಳಲ್ಲೇ ಕೂರಿಸಿದಳು. ಬಣ್ಣ ಮಾತ್ರ ಬೆರಳಿಗೆ ಸಿಗುವುದಿಲ್ಲವಲ್ಲ. ಒಂದು ಬೆಳಿಗ್ಗೆ ಕಂದು ತಂತಿಗೆ ಕೂಡಿಸಬೇಕಾದದ್ದನ್ನು ಕೆಂಪಿಗೆ ಕೂಡಿಸಿದಳು. ಸ್ವಿಚ್ ಹಾಕಿದ ಕೂಡಲೇ ಢಬ್ ಅಂದು ಕಿಡಿ ಹಾರಿತು. ಯಾರಿಗೂ ಏನೂ ಆಗಲಿಲ್ಲ. ಆದರೆ ಅಂಗಡಿಯ ಮೇಸ್ತ್ರಿ ಅವಳ ಮುಖದ ಮುಂದೆ ಕೈ ಆಡಿಸಿ ನೋಡಿದ. ಅವಳ ಕಣ್ಣು ಕದಲಲಿಲ್ಲ. "ತಾಯಿ, ನಾಳೆಯಿಂದ ಬರಬೇಡ" ಅಂದ. ಅಂದವನು ತಾನೇ ಅತ್ತನಂತೆ.

ಆಮೇಲೆ ಎರಡು ವರ್ಷ ಮನೆ. ಗಂಡ ಊರ ಬಸ್ಸಿನ ಡ್ರೈವರ್. ಕೆಟ್ಟವನಲ್ಲ, ಹೆದರಿದವನು. ಬೆಳಿಗ್ಗೆ ಡ್ಯೂಟಿಗೆ ಹೊರಡುವಾಗ ಒಲೆ ಆರಿದೆಯೇ ಅಂತ ಮೂರು ಸಲ ನೋಡಿ, ಹೊರಗಿನಿಂದ ಚಿಲಕ ಹಾಕಿಕೊಂಡು ಹೋಗುತ್ತಿದ್ದ. ಮಗಳು ಶಾಲೆಯಿಂದ ಬಂದು ತೆಗೆಯಬೇಕು. ಹೀಗೆ ಚಿಲಕ ಹಾಕಿದ ಬಾಗಿಲನ್ನು ಒಂದು ಮಧ್ಯಾಹ್ನ ತಟ್ಟಿದವರು ಕೋಲು ಮೇಡಂ.

ಕೋಲು ಮೇಡಂ ನಮ್ಮ ಕಚೇರಿಯವರೇ. ಮನೆ ಮನೆಗೆ ಹೋಗಿ ದೃಷ್ಟಿ ಇಲ್ಲದವರನ್ನು ಹುಡುಕಿ ಬಿಳಿ ಕೋಲು ಕೊಟ್ಟು ನಡೆಯುವುದು ಕಲಿಸಬೇಕಾದವರು. ಹಿಂದಿನವರು ಹಳಿಯ ಈಚೆಗೇ ಸುತ್ತಿ ಪಟ್ಟಿ ತುಂಬಿಸಿಬಿಡುತ್ತಿದ್ದರು. ಈಕೆ ಬಂದ ಮೂರನೇ ವಾರ ನನ್ನ ಮೇಜಿನ ಮುಂದೆ ನಿಂತು ಕೇಳಿದರು, "ಹಳಿಯಾಚೆಯಿಂದ ಇಷ್ಟು ವರ್ಷದಲ್ಲಿ ಎಷ್ಟು ಜನ ಅರ್ಜಿ ಹಾಕಿದ್ದಾರೆ?"

ಕಡತ ತೆಗೆದು ಎಣಿಸಿದೆ. "ಮೂವತ್ತೊಂದು."

"ತರಬೇತಿ ಮುಗಿಸಿದವರು?"

"ನಾಲ್ಕು."

"ಈಗ ಕೆಲಸದಲ್ಲಿರೋರು?"

ನಾನು ಕನ್ನಡಕ ಒರೆಸಿದೆ. ಆ ಕಾಲಂ ನಮ್ಮ ಕಡತದಲ್ಲಿ ಇರಲೇ ಇಲ್ಲ. ಅವರೇ ಆಮೇಲೆ ನಾಲ್ಕು ಮನೆಗೂ ಹೋಗಿ ಬಂದು ನನ್ನ ಮೇಜಿನ ಮೇಲೆ ಒಂದು ಚೀಟಿ ಇಟ್ಟರು. ಸೊನ್ನೆ ಅಂತ ಬರೆದಿತ್ತು.

ಕಾಯಿಲ್ ಅಕ್ಕನನ್ನು ಅವರು ಕಚೇರಿಗೆ ಕರೆತಂದಾಗ ನಾನು ಅಭ್ಯಾಸದಂತೆ ಕೇಳಿದೆ, "ಮೇಣದಬತ್ತೀನೋ, ಕುರ್ಚೀನೋ?"

"ಅಣ್ಣ, ನನಗೆ ಕೆಲಸ ಬರುತ್ತೆ. ಕಲಿಸೋದು ಬೇಡ. ಕಣ್ಣಿಲ್ಲದೆ ಅದನ್ನೇ ಮಾಡೋದು ಹೇಗೆ ಅಂತ ಹೇಳ್ಕೊಡ್ತೀರಾ?"

ಕಚೇರಿಯಲ್ಲಿ ಯಾರಿಗೂ ಗೊತ್ತಿರಲಿಲ್ಲ. ದೊಡ್ಡ ಸಾಹೇಬರು ಅರ್ಜಿ ನೋಡಿ, "ಕರೆಂಟಿನ ಕೆಲಸ, ಕಣ್ಣಿಲ್ಲದ ಹೆಂಗಸು. ಹೆಚ್ಚುಕಡಿಮೆ ಆದ್ರೆ ಪೇಪರಿನಲ್ಲಿ ಯಾರ ಹೆಸರು ಬರುತ್ತೆ? ನಂದು" ಅಂದರು. ಕೋಲು ಮೇಡಂ ಬಿಡಲಿಲ್ಲ. ಎರಡು ತಿಂಗಳು ಪತ್ರದ ಮೇಲೆ ಪತ್ರ. ಕೊನೆಗೆ ಸಾಹೇಬರು ಒಂದು ದಾರಿ ತೆಗೆದರು. ಅಂಗಡಿಯಲ್ಲೇ ಪರೀಕ್ಷೆ. ಒಂದು ಮೋಟಾರು, ಯಾರ ನೆರವೂ ಇಲ್ಲದೆ, ಗೊತ್ತುಪಡಿಸಿದ ಹೊತ್ತಿನೊಳಗೆ. ಪಾಸಾದರೆ ಕೆಲಸದ ಜಾಗದಲ್ಲೇ ತರಬೇತಿ ಕೊಡುವ ಪ್ರಸ್ತಾವ ಮೇಲಕ್ಕೆ ಹೋಗುತ್ತದೆ, ಹಳಿಯಾಚೆ ಕಾಯುತ್ತಿರುವ ಉಳಿದವರಿಗೂ ಸೇರಿಸಿ. ಇಲ್ಲದಿದ್ದರೆ ಕಡತ ಮುಚ್ಚಿತು. "ಇನ್ನೊಮ್ಮೆ ಈ ವಿಷಯ ನನ್ನ ಮೇಜಿಗೆ ತರಬಾರದು" ಅಂದರು.

ತಯಾರಿ ನಡೆದದ್ದು ಭಾನುವಾರಗಳಂದು, ಅಂಗಡಿಗೆ ರಜೆಯಿದ್ದಾಗ. ಮೇಸ್ತ್ರಿ ಮೊದಲು ಒಪ್ಪಲಿಲ್ಲ, ಆಮೇಲೆ ಬೀಗದ ಕೈ ತಂದುಕೊಟ್ಟು ಮೂಲೆಯಲ್ಲಿ ಪೇಪರ್ ಓದುವ ನಾಟಕ ಮಾಡುತ್ತಾ ಕೂತ. ಕೋಲು ಮೇಡಮ್ಮಿಗೆ ಮೋಟಾರಿನ ಗಂಧಗಾಳಿ ಇಲ್ಲ. ಅಕ್ಕನಿಗೆ ಕಣ್ಣಿಲ್ಲದೆ ಬದುಕಿದ ಅನುಭವ ಎರಡೇ ವರ್ಷದ್ದು. ಇಬ್ಬರೂ ಸೇರಿ ಒಂದೊಂದೇ ತೊಡಕು ಬಿಡಿಸಿದರು. ಬಣ್ಣದ ಬದಲು ಗಂಟು: ಈ ತಂತಿಯ ತುದಿಗೆ ಒಂದು ಗಂಟು, ಆ ತಂತಿಗೆ ಎರಡು. ಸುತ್ತು ತಪ್ಪದಿರಲು ಮಣಿಸರ, ಹತ್ತು ಸುತ್ತಿಗೆ ಒಂದು ಮಣಿ ಸರಿಸಬೇಕು. ತಂತಿ ಸರಿಯಿದೆಯೇ ಅಂತ ನೋಡಲು ಎಲ್ಲ ಅಂಗಡಿಗಳಲ್ಲೂ ಬಲ್ಬು ಇರುತ್ತದೆ. ಇಲ್ಲಿ ಬಲ್ಬಿನ ಜಾಗಕ್ಕೆ ಗಂಟೆ ಬಂತು. ಸಾಮಾನಿಡಲು ಅಡ್ಡಪಟ್ಟಿ ಹೊಡೆದು ಮನೆ ಮಾಡಿದ ಮರದ ತಟ್ಟೆ, ಕತ್ತರಿಗೊಂದು ಮನೆ, ಇಕ್ಕಳಕ್ಕೊಂದು ಮನೆ. ತೆಗೆದದ್ದನ್ನು ತೆಗೆದ ಮನೆಗೇ ಇಡಬೇಕು. ಮೇಸ್ತ್ರಿ ಒಮ್ಮೆ ಮರೆತು ಇಕ್ಕಳ ಬೇರೆ ಕಡೆ ಇಟ್ಟು ಅಕ್ಕನ ಬಾಯಿಂದ ಬೈಸಿಕೊಂಡನಂತೆ, "ನಿಮಗೆ ಕಣ್ಣಿದೆ ಅಂತ ಎಲ್ಲಂದರಲ್ಲಿ ಇಡ್ತೀರಾ?"

ಗಂಡ ಮಾತ್ರ ಜಗ್ಗಲಿಲ್ಲ. ನಮ್ಮ ಒಪ್ಪಿಗೆ ಪತ್ರದಲ್ಲಿ 'ರಕ್ಷಕರ ಸಹಿ' ಅಂತ ಒಂದು ಗೆರೆ ಇತ್ತು. ಅವನು ಸಹಿ ಹಾಕುವುದಿಲ್ಲ ಅಂದ. "ನನ್ನ ಬಸ್ಸಲ್ಲಿ ಐವತ್ತು ಜನ ಕೂತಿರ್ತಾರೆ. ಇವಳು ಕರೆಂಟ್ ಮುಟ್ತಾ ಇದ್ದಾಳೆ ಅಂತ ಯೋಚಿಸ್ತಾ ನಾನು ಹೇಗೆ ಬಸ್ ಓಡಿಸ್ಲಿ?" ಅಂತ ನನ್ನೆದುರೇ ಕೇಳಿದ. ನಾನು ಪತ್ರವನ್ನು ಅಕ್ಕನ ಕಡೆ ಸರಿಸಿದೆ.

ಅಕ್ಕ ಪತ್ರದ ಮೇಲೆ ಕೈಯಾಡಿಸಿ, "ರಕ್ಷಕರು ಅಂದ್ರೆ ಯಾರು? ನನಗೆ ಮೂವತ್ತೊಂಬತ್ತು. ಒಂದನೇ ಕ್ಲಾಸಿಗೆ ಸೇರ್ತಿದ್ದೀನಾ? ಪೆನ್ನು ಕೊಡಿ ಅಣ್ಣ, ಗೆರೆ ಎಲ್ಲಿದೆ ತೋರಿಸಿ" ಅಂದಳು. ನಾನು ಅವಳ ಬೆರಳು ಹಿಡಿದು ಆ ಗೆರೆಗೆ ಮುಟ್ಟಿಸಿದೆ. ನಿಯಮಕ್ಕೆ ವಿರುದ್ಧ ಅಂತ ಗೊತ್ತಿತ್ತು. ಅವಳು ಅಲ್ಲೇ ತನ್ನ ಹೆಸರು ಬರೆದಳು. ಗಂಡ ಎದ್ದು ಹೋದ. ಆಮೇಲೆ ಪರೀಕ್ಷೆಯವರೆಗೂ ಅವರಿಬ್ಬರ ನಡುವೆ ಮಗಳ ಮೂಲಕವೇ ಮಾತು.

ಪರೀಕ್ಷೆಯ ದಿನ ಬೆಳಿಗ್ಗೆ ಹತ್ತಕ್ಕೆ ನಾವೆಲ್ಲ ಅಂಗಡಿಯಲ್ಲಿದ್ದೆವು. ಉದ್ದನೆಯ ಕೋಣೆ, ಮುಂದೆ ಶಟರು, ಗೋಡೆಗೆ ಒರಗಿಸಿದ ಖಾಲಿ ಮೋಟಾರುಗಳ ಸಾಲು, ವಾರ್ನಿಷಿನ ಘಾಟು. ದೊಡ್ಡ ಸಾಹೇಬರಿಗೆ ಒಂದು ಕುರ್ಚಿ, ಸುರಕ್ಷತಾ ಅಧಿಕಾರಿಗೆ ಒಂದು. ಈ ಅಧಿಕಾರಿ ತೆಳ್ಳಗಿನ ಮನುಷ್ಯ, ಬಂದವರೇ ಮೇನ್ ಸ್ವಿಚ್ ಪಕ್ಕದಲ್ಲಿ ಕುರ್ಚಿ ಹಾಕಿಸಿಕೊಂಡು, "ನಾನು ಯಾವಾಗ ಬೇಕಾದ್ರೂ ನಿಲ್ಲಿಸ್ತೀನಿ" ಅಂದರು. ಕೆಲಸ ಬಲ್ಲವನಾಗಿ ಮೇಸ್ತ್ರಿ ಮೂರನೆಯ ಪರೀಕ್ಷಕ. ಕೋಲು ಮೇಡಂ ಒಳಗೆ ಬರಕೂಡದು, ಅವರು ರಸ್ತೆಯಲ್ಲಿ ನಿಂತರು. ನನಗೆ ಗಡಿಯಾರ ಮತ್ತು ಪುಸ್ತಕ. ಐದು ಗಂಟೆಯ ಅವಧಿ. ಮೂರಕ್ಕೆ ಮುಗಿಯಬೇಕು.

ಅರ್ಧ ಎಚ್‌ಪಿ ನೀರಿನ ಪಂಪಿನ ಮೋಟಾರು. ಒಳಗೋಡೆಯಲ್ಲಿ ಸುತ್ತಲೂ ಇಪ್ಪತ್ನಾಲ್ಕು ಸೀಳು, ಸ್ಲಾಟು ಅನ್ನುತ್ತಾರೆ. ಹಳೆಯ ತಂತಿ ಕಿತ್ತು ಖಾಲಿ ಮಾಡಿ ಇಟ್ಟಿದ್ದರು. ಅಕ್ಕ ಮೊದಲು ಅದನ್ನು ಮಡಿಲಿಗೆ ಎಳೆದುಕೊಂಡು ಒಂದೊಂದು ಸ್ಲಾಟಿಗೂ ಕಿರುಬೆರಳು ಹಾಕಿ ನೋಡಿದಳು. ದೊಡ್ಡ ಸಾಹೇಬರು ನನ್ನತ್ತ ನೋಡಿದರು, ಹೊತ್ತು ಹೋಗುತ್ತಿದೆ ಅನ್ನುವ ಹಾಗೆ. ಅವಳಿಗೆ ಆತುರವಿರಲಿಲ್ಲ. ತಂತಿ ಕಬ್ಬಿಣಕ್ಕೆ ತಾಗದ ಹಾಗೆ ಸ್ಲಾಟಿಗೆ ಕಾಗದ ಮಡಿಸಿ ತೂರಿಸಿದಳು. ಆಮೇಲೆ ಸುತ್ತುವ ಯಂತ್ರದ ಹಿಡಿಕೆ ತಿರುಗಿಸತೊಡಗಿದಳು. ಕರ್ ಕರ್ ಅಂತ ತಂತಿ ಓಡುವ ಸದ್ದು, ಹತ್ತಕ್ಕೊಮ್ಮೆ ಮಣಿಯ ಟಿಕ್.

ಹನ್ನೆರಡೂವರೆಗೆ ಸುತ್ತುವುದು ಮುಗಿಯಿತು. ಅವಳಿಗೆ ಊಟ ಬೇಡ, ನೀರು ಸಾಕು. ಕಾಯಿಲ್‌ಗಳನ್ನು ಸ್ಲಾಟಿಗೆ ಇಳಿಸುವುದೇ ನಾಜೂಕಿನ ಕೆಲಸ. ಒಂದೊಂದೇ ಎಳೆ ಬಿಡಿಸಿ ಕೂರಿಸಬೇಕು, ಕಬ್ಬಿಣದ ಅಂಚಿಗೆ ತಾಗಿ ತಂತಿಯ ಮೇಲಿನ ಲೇಪ ಕೆರೆದರೆ ಮುಗಿಯಿತು. ಎರಡು ಗಂಟೆಯ ಹೊತ್ತಿಗೆ ಎಲ್ಲ ಕೂತಿತ್ತು, ತಂತಿ ಹೊರಬರದ ಹಾಗೆ ಮೇಲೆ ಬಿದಿರಿನ ಚಕ್ಕೆ ಬಡಿದಾಗಿತ್ತು. ಮೇಸ್ತ್ರಿಯ ಮುಖ ಅರಳಿತ್ತು. ಗಂಟುಗಳನ್ನು ತಡವಿ ತುದಿಗಳನ್ನು ಕೂಡಿಸಿ ಬೆಸುಗೆ ಹಾಕಿದಳು. ಬೆರಳ ತುದಿ ಒಮ್ಮೆ ಬಿಸಿಗೆ ತಾಗಿತು. "ಸ್" ಅಂದಳು. ಸುರಕ್ಷತಾ ಅಧಿಕಾರಿ ಎದ್ದು ನಿಂತರು. "ಕಣ್ಣಿದ್ದಾಗ್ಲೂ ಸುಡ್ತಿತ್ತು ಸಾರ್, ಕೂತ್ಕೊಳಿ" ಅಂದಳು ಮುಖ ಎತ್ತದೆ. ಅವರು ಕೂತರು.

ಎರಡೂಮುಕ್ಕಾಲಾಗಲು ಐದು ನಿಮಿಷ. ಬರೀ ತಪಾಸಣೆ ಬಾಕಿ. ಗಂಟೆಯ ಒಂದು ತಂತಿಯನ್ನು ಕಾಯಿಲಿನ ಒಂದು ತುದಿಗೆ, ಮತ್ತೊಂದನ್ನು ಇನ್ನೊಂದು ತುದಿಗೆ ಇಟ್ಟಳು. ಟ್ರಿಣ್. ಸರಿ. ಇನ್ನು ಒಂದು ತಂತಿ ಕಾಯಿಲಿಗೆ, ಒಂದು ಮೋಟಾರಿನ ಕಬ್ಬಿಣಕ್ಕೆ. ಈಗ ಗಂಟೆ ಬಡಿಯಬಾರದು. ಬಡಿದರೆ ಕರೆಂಟು ಮೋಟಾರಿನ ಮೈಗೆ ಬರುತ್ತಿದೆ ಅಂತ ಅರ್ಥ, ಮುಟ್ಟಿದವರಿಗೆ ಹೊಡೆಯುತ್ತದೆ. ಇಟ್ಟಳು. ಸದ್ದಿಲ್ಲ.

"ಆಯ್ತು" ಅಂದರು ಸುರಕ್ಷತಾ ಅಧಿಕಾರಿ, ಕಾಗದದ ಮೇಲೆ ಪೆನ್ನು ಆಡಿಸಿ. ದೊಡ್ಡ ಸಾಹೇಬರು ಎದ್ದರು. ನಾನು ಹೊತ್ತು ಬರೆಯಲು ಪುಸ್ತಕ ತೆರೆದೆ.

ಅಕ್ಕ ತಂತಿ ತೆಗೆಯಲಿಲ್ಲ. ಇನ್ನೊಂದು ಕೈಯಿಂದ ಕಾಯಿಲಿನ ಸುರುಳಿಯನ್ನು ಸುತ್ತಲೂ ಒತ್ತುತ್ತಾ ಬಂದಳು. ಒಂದು ಕಡೆ ನಿಂತಳು. ಮತ್ತೆ ಒತ್ತಿದಳು. ನನಗೇನೂ ಕೇಳಿಸಲಿಲ್ಲ.

"ಬಾಡಿ ಆಗಿದೆ" ಅಂದಳು.

"ಏನು?"

"ಗಂಟೆ ಕಿರ್ ಅಂತು. ತಂತಿ ಎಲ್ಲೋ ಕಬ್ಬಿಣಕ್ಕೆ ತಾಗ್ತಿದೆ. ಬಿಟ್ಟರೆ ಇಲ್ಲ, ಒತ್ತಿದ್ರೆ ಇದೆ."

ಮೇಸ್ತ್ರಿ ಧಾವಿಸಿ ಬಂದು ಬಗ್ಗಿದ. ದೊಡ್ಡ ಸಾಹೇಬರು ತಡೆದರು. "ಯಾರೂ ನೆರವಾಗೋ ಹಾಗಿಲ್ಲ." ಮತ್ತೆ ಅವಳಿಗೆ, "ಅಮ್ಮ, ಸುರಕ್ಷತಾ ಅಧಿಕಾರಿಗಳೇ ಸರಿಯಿದೆ ಅಂದಿದ್ದಾರೆ. ಹತ್ತು ನಿಮಿಷ ಇದೆ. ಮುಗಿಸ್ತೀರೋ, ಬಿಚ್ತೀರೋ?"

ಅದೇ ಹೊತ್ತಿಗೆ ಶಟರಿನ ಬೆಳಕಿಗೆ ಯಾರೋ ಅಡ್ಡ ಬಂದರು. ಗಂಡ. ಡ್ಯೂಟಿಯ ಖಾಕಿ ಬಟ್ಟೆಯಲ್ಲೇ ಬಂದಿದ್ದ. ಉಸಿರು ಏರಿಳಿಯುತ್ತಿತ್ತು. ಒಳಗಿನ ಮಾತು ರಸ್ತೆಯಲ್ಲೇ ಅವನ ಕಿವಿಗೆ ಬಿದ್ದಿತ್ತು. "ಸಾಕು, ಬಾ. ಮನೆಗೆ ಹೋಗೋಣ" ಅಂದ.

"ರೀ, ಅಲ್ಲೇ ನಿಂತ್ಕೊಳಿ. ತಟ್ಟೆ ಎಡವೀರಿ" ಅಂದಳು ಅಕ್ಕ. ಆಮೇಲೆ ಸಾಹೇಬರ ಕಡೆ ತಿರುಗಿ, "ಬಿಚ್ತೀನಿ. ಈ ಪಂಪು ಯಾರದೋ ಬಚ್ಚಲಿನ ಪಕ್ಕ ಕೂರುತ್ತೆ. ಒದ್ದೆ ಕೈಯಲ್ಲಿ ಮುಟ್ತಾರೆ."

ಕೂಡಿಸಿದ ತುದಿಗಳನ್ನೆಲ್ಲ ಮತ್ತೆ ಬಿಡಿಸಿದಳು. ಒಂದೊಂದು ಕಾಯಿಲಿಗೂ ಬೇರೆ ಬೇರೆಯಾಗಿ ಗಂಟೆ ಹಿಡಿದು ಒತ್ತಿದಳು. ಮೂರು ಕಾಯಿಲ್ ಮೌನ. ನಾಲ್ಕನೆಯದು ಕಿರ್. ಈ ಸಲ ನಮಗೆಲ್ಲರಿಗೂ ಕೇಳಿಸಿತು. ಚಕ್ಕೆ ಎಳೆದು ಆ ಕಾಯಿಲನ್ನು ಎತ್ತಿದಳು. ಸ್ಲಾಟಿನ ಬಾಯಲ್ಲಿ ಕಾಗದ ಅಕ್ಕಿಕಾಳಿನಷ್ಟು ಹರಿದಿತ್ತು. ಗಡಿಯಾರ ಮೂರು ದಾಟಿತು. ಕೆರೆದ ಎಳೆಗೆ ಲೇಪ ಬಳಿದು, ಹೊಸ ಕಾಗದ ಇಟ್ಟು, ಮತ್ತೆ ಒಂದೊಂದೇ ಎಳೆ ಇಳಿಸಿದಳು. ಗಂಟು ಎಣಿಸಿ ಮತ್ತೆ ಕೂಡಿಸಿದಳು. ಪುಸ್ತಕದಲ್ಲಿ ಎರಡು ಐವತ್ತೆಂಟು ಅಂತ ಬರೆದುಬಿಡಲೇ ಅಂತ ಒಂದು ಕ್ಷಣ ಅನ್ನಿಸಿತು. ಸಾಹೇಬರ ಕೈಯಲ್ಲೂ ಗಡಿಯಾರ ಇದೆ ಅನ್ನುವುದು ಮರೆತೇಹೋಗಿತ್ತು.

ಅಕ್ಕ ಕೇಳಿದಳು, "ಎಷ್ಟಾಯ್ತು ಅಣ್ಣ?"

"ಮೂರು... ಮೂರೂ ಮೂವತ್ತೇಳು."

"ಹಾಗೇ ಬರೀರಿ."

ಮತ್ತೆ ಗಂಟೆ ಹಿಡಿದಳು. ಸುತ್ತಲೂ ಒತ್ತಿದಳು. ಮೌನ. ಎರಡನೇ ಸುತ್ತು ಒತ್ತಿದಳು. ಮೌನ. "ಲೈನು ಕೊಡಿ" ಅಂದಳು.

ಸುರಕ್ಷತಾ ಅಧಿಕಾರಿ ತಾವೇ ಸ್ವಿಚ್ಚಿನ ಮೇಲೆ ಕೈ ಇಟ್ಟರು, ಹಾಕಲಿಲ್ಲ. "ನೀವು ದೂರ ಸರಿಯಿರಿ."

"ನಾನು ಮುಟ್ಟದೆ ಅದು ಸರಿಯಿದೆ ಅಂತ ಯಾರು ನಂಬ್ತಾರೆ ಸಾರ್?"

"ಮುಟ್ಟಬೇಡ!" ಗಂಡ ಕೂಗಿದ.

ಅವಳು ಮುಟ್ಟಲಿಲ್ಲ, ಆಗ. ಸ್ವಿಚ್ ಬಿತ್ತು. ಮೋಟಾರು ಒಮ್ಮೆ ಗುಂಯ್ ಅಂದು, ತಡೆದು, ತಿರುಗಿತು. ಸದ್ದು ಏರಿ ಒಂದೇ ಸಮನಾಯಿತು. ಅಕ್ಕ ತಲೆ ಓರೆ ಮಾಡಿ ಕೇಳಿದಳು. ಆಮೇಲೆ ಬಲಗೈಯ ಹಿಂಭಾಗವನ್ನು ಮೆಲ್ಲಗೆ ಮೋಟಾರಿನ ಮೈಗೆ ತಾಗಿಸಿದಳು, ಅಂಗೈಯಲ್ಲ, ಹಿಂಭಾಗ. ಹೊಡೆದರೆ ಕೈ ತಾನಾಗಿ ಹಿಂದೆ ಬರಲಿ ಅಂತ. ಏನೂ ಆಗಲಿಲ್ಲ. ಅಂಗೈ ಊರಿದಳು. ಗಂಡ ಅಲ್ಲೇ ಒಂದು ಪೆಟ್ಟಿಗೆಯ ಮೇಲೆ ಕುಸಿದು ಕೂತ.

ದೊಡ್ಡ ಸಾಹೇಬರು ಕೈಗಡಿಯಾರ ನೋಡಿಕೊಂಡರು. ಅವರ ದನಿ ಮೆದುವಾಗಿತ್ತು, ಮಾತು ಅಲ್ಲ. "ಕೆಲಸ ಚೆನ್ನಾಗಿದೆ. ಆದ್ರೆ ಅವಧಿ ಐದು ಗಂಟೆ. ನಲವತ್ತೈದು ನಿಮಿಷ ಜಾಸ್ತಿ. ಫೇಲ್ ಅಂತ ಬರೀಬೇಕು. ನಿಯಮ ನಾನು ಮಾಡಿದ್ದಲ್ಲ."

ಆಗ ನನ್ನ ನಾಲಿಗೆ ಹೇಗೆ ಎದ್ದಿತೋ ಗೊತ್ತಿಲ್ಲ. "ನಾನು ಮಾಡಿದ್ದು ಸಾರ್" ಅಂದೆ.

ಎಲ್ಲರೂ ತಿರುಗಿದರು. ಹೇಳಿದೆ. ಪರೀಕ್ಷೆಯ ನಮೂನೆ ತುಂಬುವಾಗ ಒಂದು ಮೋಟಾರಿಗೆ ಎಷ್ಟು ಹೊತ್ತು ಬೇಕು ಅಂತ ಮೇಸ್ತ್ರಿಯನ್ನು ಫೋನಿನಲ್ಲಿ ಕೇಳಿದ್ದೆ. 'ಐದೋ ಆರೋ ಗಂಟೆ, ತೊಂದರೆ ಬಂದ್ರೆ ಇನ್ನೂ ಜಾಸ್ತಿ' ಅಂದಿದ್ದ. ಕಾಲಮ್ಮಿನಲ್ಲಿ ಒಂದು ಅಂಕಿಗಷ್ಟೇ ಜಾಗವಿತ್ತು. ಐದು ಅಂತ ಬರೆದೆ. ಆರು ಅಂತಲೂ ಬರೆಯಬಹುದಿತ್ತು. ಅಷ್ಟೇ ಆಗಿತ್ತು ಆ ನಿಯಮ.

ಮೇಸ್ತ್ರಿ, "ನನಗೇ ಎಷ್ಟೋ ಸಲ ಏಳು ಗಂಟೆ ಹಿಡಿದಿದೆ. ನನ್ನನ್ನ ಯಾರೂ ಫೇಲ್ ಮಾಡ್ಲಿಲ್ಲ" ಅಂದ.

ಸುರಕ್ಷತಾ ಅಧಿಕಾರಿ ಮೋಟಾರಿನ ಬಳಿ ಬಂದು ತಮ್ಮ ಅಂಗೈಯನ್ನೂ ಅದರ ಮೇಲಿಟ್ಟರು. "ನಾನು ಸರಿಯಿದೆ ಅಂತ ಬರೆದಾಗಿತ್ತು" ಅಂದರು, ಯಾರಿಗೂ ಅಲ್ಲ, ತಮಗೇ. "ಈಕೆ ಬಿಚ್ಚದೇ ಇದ್ದಿದ್ರೆ ಅದು ನನ್ನ ಸಹಿ ಹೊತ್ತುಕೊಂಡು ಯಾರದೋ ಮನೆ ಸೇರ್ತಿತ್ತು." ಮೊದಲು ಬರೆದ ಸಾಲನ್ನು ಹೊಡೆದುಹಾಕಿ, ಆದದ್ದನ್ನೆಲ್ಲ ಆದ ಹಾಗೆ ಒಂದು ಪುಟ ಬರೆದರು.

ದೊಡ್ಡ ಸಾಹೇಬರು ಪಾಸ್ ಅಂತಲೂ ಬರೆಯಲಿಲ್ಲ, ಫೇಲ್ ಅಂತಲೂ ಬರೆಯಲಿಲ್ಲ. ನಾನು ಹೊತ್ತು ಬರೆದ ಪುಟ, ಅಧಿಕಾರಿ ಬರೆದ ಪುಟ, ಎರಡನ್ನೂ ಸೇರಿಸಿ ಮೇಲಕ್ಕೆ ಕಳಿಸಿದರು. ಆ ಮನುಷ್ಯನ ಮಟ್ಟಿಗೆ ಅದೇ ದೊಡ್ಡ ಧೈರ್ಯ. ನನಗೆ ಒಂದು ನೋಟೀಸು ಬಂತು, ರಕ್ಷಕರ ಗೆರೆಯ ವಿಷಯಕ್ಕೆ. ತಪ್ಪೊಪ್ಪಿಗೆ ಬರೆದುಕೊಟ್ಟೆ.

ಉತ್ತರಕ್ಕೆ ಒಂಬತ್ತು ವಾರ ಹಿಡಿಯಿತು. ಮೇಸ್ತ್ರಿ ಕಾಯಲಿಲ್ಲ, ಮರುದಿನವೇ ಅಕ್ಕನನ್ನು ಕೆಲಸಕ್ಕೆ ಕರೆದ. ಗಂಡ ಒಂದು ವಾರ ಅವಳ ಹಿಂದೆಯೇ ಅಂಗಡಿಗೆ ಬಂದು, ಬಾಗಿಲಲ್ಲಿ ನಿಂತು, ಡ್ಯೂಟಿಗೆ ತಡಮಾಡಿಕೊಂಡು ಬೈಸಿಕೊಂಡ. ಎರಡನೇ ವಾರ ಮನೆಯ ಹೊರಗಿನ ಚಿಲಕವನ್ನು ತಾನೇ ಸ್ಕ್ರೂ ಬಿಚ್ಚಿ ತೆಗೆದನಂತೆ. ಅದರ ಬಗ್ಗೆ ಅವರಿಬ್ಬರೂ ಮಾತಾಡಿಕೊಂಡಿಲ್ಲ ಅಂತ ಅಕ್ಕ ಹೇಳುತ್ತಾಳೆ.

ಮೇಲಿನಿಂದ ಬಂದ ಆದೇಶ ಒಂದು ವರ್ಷದ ಪ್ರಯೋಗಕ್ಕೆ ಮಾತ್ರ. ಮೊದಲೇ ಕೈಕೆಲಸ ಬಲ್ಲವರಿಗೆ ಅವರ ಕೆಲಸದ ಜಾಗದಲ್ಲೇ ಕಲಿಸಬಹುದು. ಅರ್ಜಿಯಲ್ಲಿ ಒಂದು ಹೊಸ ಪ್ರಶ್ನೆ ಸೇರಿತು: 'ಹಿಂದೆ ಏನು ಕೆಲಸ ಮಾಡುತ್ತಿದ್ದಿರಿ?' ಆ ಪ್ರಶ್ನೆಯನ್ನು ಟೈಪ್ ಮಾಡುವಾಗ ಇಷ್ಟು ವರ್ಷ ಇದನ್ನು ಯಾಕೆ ಕೇಳಲಿಲ್ಲ ಅಂತ ನಾಚಿಕೆಯಾಯಿತು. ಒಬ್ಬ ದರ್ಜಿ ಹೊಲಿಗೆಗೆ ಮರಳಿದ. ಸೈಕಲ್ ರಿಪೇರಿಯವನೊಬ್ಬ ಮರಳಿದ. ಬೇಕರಿಯ ಹೆಂಗಸೊಬ್ಬಳು ಮೂರು ತಿಂಗಳು ಪ್ರಯತ್ನಿಸಿ, ಬಿಸಿ ಒಲೆಯ ಮುಂದೆ ಆಗುವುದಿಲ್ಲ ಅಂತ ಬಿಟ್ಟಳು. ಮೂವತ್ತೊಂದರಲ್ಲಿ ಏಳು ಜನ ಕೆಲಸದಲ್ಲಿದ್ದಾರೆ ಅಂತ ನಾನು ನಿವೃತ್ತನಾಗುವ ಮುಂಚೆ ಬರೆದಿಟ್ಟು ಬಂದೆ. ಪ್ರಯೋಗ ಇನ್ನೊಂದು ವರ್ಷಕ್ಕೆ ಮುಂದುವರಿಯಿತು. ಆಮೇಲೆ ಏನೋ, ಹೇಳಲಾರೆ. ಕೋಲು ಮೇಡಮ್ಮಿಗೆ ಬೇರೆ ಕಡೆ ವರ್ಗವಾಯಿತು. ಅವರ ಜಾಗ ಐದು ತಿಂಗಳಿಂದ ಖಾಲಿ.

ಈಗ ಹಳಿಯಾಚೆ ಮನೆ ಮನೆ ತಿರುಗುವವಳು ಅಕ್ಕ. ರಜೆಯ ದಿನ ಕೋಲು ಹಿಡಿದು ಹೊರಡುತ್ತಾಳೆ. ಹೋದ ತಿಂಗಳು ನಾನೂ ಜೊತೆಗೆ ಹೋಗಿದ್ದೆ, ಸುಮ್ಮನೆ. ಬೀಗ ರಿಪೇರಿ ಮಾಡುತ್ತಿದ್ದ ಮುದುಕನೊಬ್ಬ ಕಣ್ಣು ಹೋದ ಮೇಲೆ ಕೋಣೆ ಸೇರಿ ಬಾಗಿಲು ಹಾಕಿಕೊಂಡಿದ್ದಾನೆ, ಸೊಸೆಯ ಹತ್ತಿರವೂ ಮಾತಿಲ್ಲ. ಅಕ್ಕ ಎರಡು ವಾರ ಬಂದು ಬರಿಗೈಯಲ್ಲಿ ಹೋಗಿದ್ದಳು. ಆ ದಿನ ಬಾಗಿಲ ಹೊರಗೆ ನೆಲದ ಮೇಲೆ ಕೂತು ಹೇಳಿದಳು, "ಯಜಮಾನ್ರೇ, ನಮ್ಮ ಅಂಗಡಿ ಶಟರಿನ ಬೀಗ ಕಚ್ಕೊಂಡಿದೆ. ತಂದಿದ್ದೀನಿ. ನೋಡ್ತೀರಾ?"

ಸೊಸೆ ನನ್ನ ಮುಖ ನೋಡಿದಳು, ನಾನು ನೆಲ ನೋಡಿದೆ.

"ಯಾವ ಬೀಗ?" ಅಂತ ಒಳಗಿನಿಂದ ದನಿ ಬಂತು. "ಒತ್ತೋದೋ, ತಿರುಗಿಸೋದೋ?"

"ಬಾಗಿಲು ತೆಗೆದು ಕೈಯಲ್ಲಿ ಹಿಡಿದು ನೋಡಿ" ಅಂದಳು ಅಕ್ಕ. ಬಾಗಿಲು ಒಂದು ಗೇಣು ತೆರೆಯಿತು. ಒಳಗಿನ ಕತ್ತಲೆಯಿಂದ ಒಂದು ಕೈ ಹೊರಬಂತು.